ಕಾರ್ಡಕ್ಕ ಮತ್ತು ಮೂವತ್ತೇಳು ದಾಖಲೆಗಳು

ನಮ್ಮ ನಗರ ಗ್ರಂಥಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಅವರು ಕಾರ್ಡಕ್ಕ. ಇಪ್ಪತ್ತೆರಡನೆಯ ವಯಸ್ಸಿಗೆ ಬೆರಳಚ್ಚುಗಾರ್ತಿಯಾಗಿ ಸೇರಿ, ಪುಸ್ತಕಕ್ಕೊಂದರಂತೆ ಕ್ಯಾಟಲಾಗ್ ಕಾರ್ಡು ಹೊಡೆಯುತ್ತ ಕೂತವರು. ಲೇಖಕರು, ಶೀರ್ಷಿಕೆ, ವರ್ಷ, ಪುಟ, ಎತ್ತರ ಇಷ್ಟು ಸೆಂಟಿಮೀಟರ್. ಹೀಗೆ ಮೂವತ್ತು ವರ್ಷ. ಎತ್ತರವನ್ನು ಮಾತ್ರ ಯಾರ ಮಾತಿನ ಮೇಲೂ ಬರೆಯುತ್ತಿರಲಿಲ್ಲ, ತಾವೇ ಸ್ಕೇಲು ಇಟ್ಟು ಅಳೆಯುತ್ತಿದ್ದರು.

ಕೆಲಸಕ್ಕೆ ಸೇರುವ ಮೊದಲು ಬೆರಳಚ್ಚಿನ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದರಂತೆ. ಪರೀಕ್ಷೆಗೆ ಕೊಟ್ಟ ಹಾಳೆಯಲ್ಲೇ ಮೂರು ತಪ್ಪುಗಳಿದ್ದವು. ಇದ್ದದ್ದನ್ನು ಇದ್ದ ಹಾಗೆ ಹೊಡೆಯಬೇಕಿತ್ತು. ಇವರು ಮೂರನ್ನೂ ತಿದ್ದಿ ಹೊಡೆದರು. ತಿದ್ದಿದ್ದಕ್ಕೆ ಮೂರು ಅಂಕ ಹೋಯಿತು, ಎರಡು ಅಂಕದಲ್ಲಿ ಪಾಸು ತಪ್ಪಿತು. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಆದರೆ ಆ ಮೂರು ತಪ್ಪು ಯಾವುವು ಎಂಬುದನ್ನು ಮರೆತಿರಲಿಲ್ಲ.

ಕಂಪ್ಯೂಟರ್ ಬಂದಾಗ ಕಾರ್ಡುಗಳನ್ನೆಲ್ಲ ಒಂದೂ ಬಿಡದೆ ಅದರೊಳಗೆ ತುಂಬಿದರು. ಡ್ರಾಯರಿನಲ್ಲಿದ್ದ ಗೋಜಲೆಲ್ಲ ಈಗ ಗುಂಡಿ ಒತ್ತಿದರೆ ಪರದೆಯ ಮೇಲೆ ಬರತೊಡಗಿತು. ನಾನು ಆಗ ಪುಸ್ತಕ ಕೊಡುವ ಕೌಂಟರಿನಲ್ಲಿದ್ದೆ. ಓದುಗರು ಒಂದು ಹೆಸರು ಹೇಳಿದರೆ ಇಪ್ಪತ್ತು ಸಾಲು ಬರುತ್ತಿತ್ತು, ಎಲ್ಲವೂ ಒಂದೇ ಥರ. ಯಾವುದು ಯಾವುದರ ಮರುಮುದ್ರಣ, ಯಾವುದು ಸಂಕ್ಷೇಪ, ಯಾವುದು ಅದರ ಮೇಲೆ ಬರೆದ ವಿಮರ್ಶೆ, ಒಂದೂ ತಿಳಿಯುತ್ತಿರಲಿಲ್ಲ. ಸಂತೆಯಲ್ಲಿ ತಪ್ಪಿಸಿಕೊಂಡ ನೆಂಟರ ಹಾಗೆ ಒಂದಕ್ಕೊಂದು ಪರಿಚಯವಿಲ್ಲದೆ ನಿಂತಿರುತ್ತಿದ್ದವು.

ಒಂದು ಮಂಗಳವಾರ ಬೆಳಿಗ್ಗೆ ನಿವೃತ್ತ ನರ್ಸ್ ಒಬ್ಬರು ನನ್ನ ಕೌಂಟರಿಗೆ ಬಂದರು. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಿಲ್ಲುವವರು, ಗಡಿಯಾರವನ್ನು ಇನ್ನೂ ಎದೆಯ ಮೇಲೆ ತಲೆಕೆಳಗಾಗಿ ಚುಚ್ಚಿಕೊಂಡವರು. ಅವರಿಗೆ ಬೇಕಿದ್ದದ್ದು 'ತೂಗುಸೇತುವೆಯ ಕಾವಲುಗಾರ್ತಿ' ಎಂಬ ಕಾದಂಬರಿ.

ನಮ್ಮ ಕಡೆ ಅದನ್ನು ಓದದವರು ಕಡಿಮೆ. ಶಾಲೆಯಲ್ಲಿ ಪಠ್ಯವಾಗಿತ್ತು. ಹೊಳೆಯ ಮೇಲೊಂದು ಹಗ್ಗದ ಸೇತುವೆ, ಅದನ್ನು ಕಾಯುವ ಹೆಂಗಸು. ಒಮ್ಮೆಗೆ ಹನ್ನೊಂದು ಜನಕ್ಕಿಂತ ಹೆಚ್ಚು ಬಿಡಬಾರದು, ಅದೇ ಅವಳ ಕೆಲಸ. ಕೊನೆಗೆ ಪ್ರವಾಹ ಬರುತ್ತದೆ. ಊರಿನವರನ್ನೆಲ್ಲ ದಾಟಿಸಿ ಕೊನೆಯವಳಾಗಿ ತಾನು ಕಾಲಿಟ್ಟಾಗ ಹಗ್ಗ ಹರಿಯುತ್ತದೆ. 'ನೀರು ಮುಚ್ಚಿಕೊಂಡಿತು' ಎಂಬ ಸಾಲಿನೊಂದಿಗೆ ಕಾದಂಬರಿ ಮುಗಿಯುತ್ತದೆ. ಆ ಸಾಲಿಗೆ ಅತ್ತವರಲ್ಲಿ ನಾನೂ ಒಬ್ಬ.

"ಯಾವುದೋ ಒಂದು ಪುಸ್ತಕ ಕೊಡ್ಬೇಡಪ್ಪ," ಎಂದರು ನರ್ಸ್. "ಅವಳು ಬದುಕೋ ಪುಸ್ತಕ ಇದೆಯಲ್ಲ, ಅದು ಬೇಕು."

ಅಂಥದ್ದು ಇಲ್ಲ, ಅವಳು ಸಾಯುತ್ತಾಳೆ ಎಂದೆ. ಅವರು ಕದಲಲಿಲ್ಲ. ಗುಂಡಿ ಒತ್ತಿದೆ. ಮೂವತ್ತೇಳು ದಾಖಲೆಗಳು ಬಂದವು. ಕೈಚೆಲ್ಲಿ ಅವರನ್ನು ಒಳಗೆ ಕಾರ್ಡಕ್ಕನ ಮೇಜಿಗೆ ಕರೆದುಕೊಂಡು ಹೋದೆ.

ಕಾರ್ಡಕ್ಕ ಕುರ್ಚಿ ಎಳೆದು ಕೂರಿಸಿದರು. ನರ್ಸ್ ಹೇಳಿದ್ದು ಇಷ್ಟು. ಅವರು ಮೂಳೆ ವಾರ್ಡಿನಲ್ಲಿದ್ದಾಗ ಮಧ್ಯಾಹ್ನದ ಹೊತ್ತು ರೋಗಿಗಳಿಗೆ ಓದಿ ಹೇಳುತ್ತಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಎರಡು ಎರಡು ತಿಂಗಳು ಮಲಗಿದವರಿಗೆ ಬೇರೇನು ಕೆಲಸ. ವಾರ್ಡಿನ ಕಪಾಟಿನಲ್ಲಿ ರಟ್ಟು ಹೋದ ಒಂದು ಪುಸ್ತಕವಿತ್ತು. ಪುಟದ ತಲೆಯ ಮೇಲೆ ಹೆಸರು ಅಚ್ಚಾಗಿದ್ದರಿಂದ ಇಂಥ ಕಾದಂಬರಿ ಎಂದು ಗೊತ್ತು. ಅದರಲ್ಲಿ ಕಾವಲುಗಾರ್ತಿ ಬದುಕಿ ಆಚೆ ದಡ ಸೇರುತ್ತಾಳೆ. ಈಗ ಮೊಮ್ಮಗಳಿಗೆ ಶಾಲೆಯಲ್ಲಿ ಅದೇ ಕಾದಂಬರಿ ಬಂದಿದೆ. ಅಜ್ಜಿ ಕೊನೆ ಹೀಗೆ ಎಂದು ಹೇಳಿದ್ದಾರೆ, ಹುಡುಗಿ ಪರೀಕ್ಷೆಯಲ್ಲಿ ಹಾಗೇ ಬರೆದು ಸೊನ್ನೆ ತೆಗೆದುಕೊಂಡಿದ್ದಾಳೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮನೆಯಲ್ಲಿ ಮಗನಿಗೆ ಮೊದಲೇ ಅನುಮಾನವಿತ್ತಂತೆ. ಕನ್ನಡಕ ಎಲ್ಲಿಟ್ಟೆ ಎಂದು ಎರಡು ಸಲ ಕೇಳಿದ್ದು, ಹಾಲು ಉಕ್ಕಿಸಿದ್ದು, ಈಗ ಈ ಕಾದಂಬರಿ. ಅಮ್ಮನಿಗೆ ಮರೆವು ಹಿಡಿಯುತ್ತಿದೆ ಎಂದು ತೀರ್ಮಾನಿಸಿ, ಒಬ್ಬರೇ ಹೊರಗೆ ಹೋಗಬೇಡಿ, ಒಲೆ ಹಚ್ಚಬೇಡಿ ಎನ್ನುವವರೆಗೆ ಬಂದಿತ್ತು. ಈ ದಿನ ಗ್ರಂಥಾಲಯಕ್ಕೆ ಬಂದದ್ದೂ ಹೇಳದೆ ಕೇಳದೆ.

"ನನಗೆ ಮರೆವಿದ್ರೆ ಇರ್ಲಿ," ಎಂದರು ಅವರು. "ಆದ್ರೆ ಇಲ್ಲದ್ದನ್ನ ಓದಿದ್ದೀನಿ ಅಂತಾರಲ್ಲ, ಅದನ್ನ ಹೇಗಮ್ಮ ಒಪ್ಪಲಿ?"

ಕಾರ್ಡಕ್ಕ ಅವರ ಮುಖವನ್ನೇ ನೋಡಿದರು. ಆಮೇಲೆ ನನಗೆ ಹೇಳಿದ್ದು ಏನೆಂದರೆ, ಸುಳ್ಳು ನೆನಪಿನವರು ಇಷ್ಟು ಕೋಪ ಮಾಡಿಕೊಳ್ಳುವುದಿಲ್ಲ.

ಅಂದಿನಿಂದ ಪ್ರತಿ ಮಂಗಳವಾರ ಇಬ್ಬರೂ ಒಂದೊಂದು ಮುದ್ರಣವನ್ನು ತೆಗೆದು ಕೊನೆಯ ಪುಟ ನೋಡುವುದು. ಎರಡನೆಯ ಮುದ್ರಣ, ಐದನೆಯದು, ಒಂಬತ್ತನೆಯದು. ಎಲ್ಲದರಲ್ಲೂ ನೀರು ಮುಚ್ಚಿಕೊಳ್ಳುತ್ತಿತ್ತು. ಏಳನೆಯ ವಾರ ನರ್ಸ್ ಬರಲಿಲ್ಲ.

ಅದೇ ವಾರ ಸಾಹೇಬರ ಮೇಜಿಗೆ ಒಂದು ಸುತ್ತೋಲೆ ಬಂತು. ಕ್ಯಾಟಲಾಗ್ ದಾಖಲೆಗಳ ಹೊಸ ಮಾದರಿಯ ಬಗ್ಗೆ ಮೂರು ದಿನದ ತರಬೇತಿ. ಯಾರಿಗೂ ಹೋಗುವ ಮನಸ್ಸಿರಲಿಲ್ಲ. ಕಾರ್ಡಕ್ಕನನ್ನು ಕಳಿಸಿದರು. ಬೇಡ ಎನ್ನಲು ಬಾರದವರು ಎಂಬುದೊಂದೇ ಕಾರಣ.

ಮೊದಲ ದಿನ ನೆಗಡಿಯಾಗಿದ್ದ ಒಬ್ಬ ಅಧ್ಯಾಪಕಿ ಬಂದು, ಕೈಯಲ್ಲಿ ಒಂದು ಹಳೆಯ ಕಥೆಪುಸ್ತಕ ಹಿಡಿದು, ಇದೇನು ಎಂದು ಕೇಳಿದರಂತೆ. ಪುಸ್ತಕ ಎಂದರು ಎಲ್ಲರೂ. ಸರಿ, ಇದನ್ನು ಹರಿದು ಹಾಕಿದರೆ ಏನು ಹೋಯಿತು? ಈ ಒಂದು ಪ್ರತಿ ಹೋಯಿತು. ಇದರ ಜೊತೆ ಅಚ್ಚಾದ ಸಾವಿರ ಪ್ರತಿಯೂ ಸುಟ್ಟುಹೋದರೆ? ಆ ಪ್ರಕಟಣೆ ಹೋಯಿತು, ಆದರೆ ಅದೇ ಮಾತುಗಳನ್ನು ಇನ್ನೊಬ್ಬರು ಬೇರೆ ಅಕ್ಷರದಲ್ಲಿ, ಬೇರೆ ಅಳತೆಯಲ್ಲಿ ಅಚ್ಚು ಹಾಕಿದ್ದರೆ ಆ ಮಾತುಗಳ ಸಾಲು, ಅಂದರೆ ಪಾಠ, ಉಳಿಯಿತು. ಆ ಮಾತುಗಳೇ ಎಲ್ಲೂ ಉಳಿಯದೆ, ಬೇರೆ ಭಾಷೆಯ ಅನುವಾದವೊಂದೇ ಉಳಿದರೆ? ಒಂದು ಪಾಠ ಹೋಯಿತು, ಇನ್ನೊಂದು ಪಾಠದಲ್ಲಿ ಕೃತಿ ಉಳಿಯಿತು.

ಕೃತಿ, ಪಾಠ, ಪ್ರಕಟಣೆ, ಪ್ರತಿ. ಅಧ್ಯಾಪಕಿ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಗೆರೆ ಎಳೆದರು. ಇದರಿಂದ ಅದು ಹುಟ್ಟಿತು, ಇದನ್ನು ಇವರು ಅನುವಾದಿಸಿದರು, ಅದನ್ನು ಅವರು ನಾಟಕ ಮಾಡಿದರು. ನೀವು ಇಷ್ಟು ದಿನ ಪ್ರಕಟಣೆಗಳನ್ನು ಮಾತ್ರ ಎಣಿಸುತ್ತಿದ್ದಿರಿ, ಸಂಬಂಧಗಳನ್ನು ಬರೆಯಲೇ ಇಲ್ಲ ಎಂದರು. ಉಳಿದವರು ಗಡಿಯಾರ ನೋಡುತ್ತಿದ್ದರು. ಕಾರ್ಡಕ್ಕ ಹಲಗೆಯ ಮೇಲಿನ ಗೆರೆಗಳನ್ನೆಲ್ಲ ಬರೆದುಕೊಂಡರು. ಚಹಾದ ವಿರಾಮದಲ್ಲಿ ಲೋಟ ಹಿಡಿದುಕೊಂಡೇ ಅಧ್ಯಾಪಕಿಯ ಹಿಂದೆ ಬಿದ್ದು, ಒಂದು ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಇನ್ನೊಂದು ಕೇಳಿ, ಚಹಾ ಕುಡಿಯುವುದನ್ನೇ ಮರೆತರು. ಅಂದರೆ ತಾವು ನರ್ಸ್ ಜೊತೆ ಕೂತು ಹುಡುಕಿದ್ದೆಲ್ಲ ತಪ್ಪು ಜಾಗದಲ್ಲಿ. ಆರು ಪ್ರಕಟಣೆ ನೋಡಿದ್ದರು, ಆದರೆ ಎಲ್ಲವೂ ಒಂದೇ ಪಾಠ. ಒಂದೇ ಪಾಠವನ್ನು ನೂರು ಸಲ ತೆರೆದರೂ ಬೇರೆ ಕೊನೆ ಎಲ್ಲಿಂದ ಬರಬೇಕು? ಹುಡುಕಬೇಕಾದದ್ದು ಇನ್ನೊಂದು ಪಾಠ ಇದೆಯೇ ಎಂಬುದನ್ನು.

ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಶುರುಮಾಡಿದರು. ಅವರ ಯಜಮಾನರು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದವರು, ಮಾತು ಕಡಿಮೆ. ಕೇಳುವ ಕಿವಿ ಎಂದರೆ ಅತ್ತೆಯದು. ಅತ್ತೆಗೆ ರೇಡಿಯೋ ಎಂದರೆ ಪ್ರಾಣ, ಅರವತ್ತು ವರ್ಷದ ರೇಡಿಯೋ ನಾಟಕಗಳೆಲ್ಲ ಬಾಯಿಪಾಠ. ಸೊಸೆ ಕೃತಿ, ಪಾಠ ಎಂದು ವಿವರಿಸಿ, ಕಾವಲುಗಾರ್ತಿಯ ಕಾದಂಬರಿಯನ್ನೇ ಉದಾಹರಣೆ ಕೊಟ್ಟರು. ಅತ್ತೆ, ಅವಳು ಸಾಯುತ್ತಾಳಲ್ಲ, ಆ ಕಾದಂಬರಿ ಎಂದರು.

ಅತ್ತೆ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು.

"ಅವಳು ಎಲ್ಲಿ ಸಾಯ್ತಾಳೆ? ರೇಡಿಯೋದಲ್ಲಿ ಬಂದಾಗ ಬದುಕಿದ್ಲಲ್ಲೇ. ದಡಕ್ಕೆ ಬಂದು ಕೆಮ್ಮಿ ಕೆಮ್ಮಿ, ಅಲ್ಲಿದ್ದ ಕಟ್ಟಿಗೆಯವನಿಗೆ ಹೇಳ್ತಾಳೆ, ಸೇತುವೆ ಬಿತ್ತು, ದೋಣಿ ಯಾರ ಹತ್ರ ಇದೆ ಅಂತ. ನಾನೂ ನಿನ್ನ ಮಾವನೂ ಒಟ್ಟಿಗೆ ಕೇಳಿದ್ದು."

ಕಾರ್ಡಕ್ಕ ಹಾಗೇ ಗೋಡೆಗೆ ಒರಗಿ ಕೂತುಬಿಟ್ಟರು. ಅತ್ತೆ ಯಾಕೇ, ತಲೆ ಸುತ್ತು ಬಂತಾ ಎಂದು ಕೇಳಿದರಂತೆ. ಬಂದದ್ದು ನಗು. ಅತ್ತೆಯ ಎರಡೂ ಕೈ ಹಿಡಿದುಕೊಂಡು ನಕ್ಕರು, ಬಟಾಣಿಯೆಲ್ಲ ನೆಲದ ಪಾಲಾಯಿತು.

ತರಬೇತಿ ಮುಗಿಸಿ ಬಂದ ಮರುದಿನ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೇಲಂತಸ್ತಿನಲ್ಲಿ ಹಳೆಯ ನಕ್ಷೆಗಳ ಕೋಣೆ ಖಾಲಿ ಬಿದ್ದಿತ್ತು. ಅದರ ಬೀಗ ತೆಗೆಸಿ, ನೆಲ ಗುಡಿಸಿ, ಮೂವತ್ತೇಳು ದಾಖಲೆಗಳನ್ನೂ ಒಂದೊಂದು ಚೀಟಿಯ ಮೇಲೆ ಬರೆದು ಹರಡಿದರು. ಊಟದ ವಿರಾಮದಲ್ಲಿ ನನ್ನನ್ನೂ ಎಳೆದುಕೊಂಡು ಹೋದರು. ಪುಸ್ತಕಗಳನ್ನು ನಾನು ಹೊತ್ತು ತರುವುದು, ಅವರು ಮುನ್ನುಡಿ ಓದಿ, ಅಧ್ಯಾಯ ಎಣಿಸಿ, ಚೀಟಿಯನ್ನು ಅದರ ಜಾಗಕ್ಕೆ ಸರಿಸುವುದು. ನಾಲ್ಕು ದಿನ ಹೀಗೆ ನಡೆಯಿತು. ಮೂರು ಚೀಟಿಗಳಿಗೂ ಕಾದಂಬರಿಗೂ ಸಂಬಂಧವೇ ಇರಲಿಲ್ಲ. ಒಂದು ತೂಗುಸೇತುವೆಗಳ ಬಗ್ಗೆ ಎಂಜಿನಿಯರುಗಳ ವರದಿ. ಅದು ಎಷ್ಟು ಜನ ಮಕ್ಕಳಿಗೆ ಕಾದಂಬರಿ ಎಂದು ಹೋಗಿತ್ತೋ. ಐದು ವಿಮರ್ಶೆಗಳು. ಅವು ಕೃತಿಯ ಬಗ್ಗೆ ಬರೆದವು, ಕೃತಿಯಲ್ಲ, ಪಕ್ಕಕ್ಕೆ ಹೋದವು. ಹದಿನಾಲ್ಕು ಮುದ್ರಣ, ಎರಡು ಶಾಲಾ ಸಂಕ್ಷೇಪ, ಎರಡು ಬ್ರೈಲ್, ಒಂದು ಚಿತ್ರಪುಸ್ತಕ, ಎಲ್ಲವೂ ಇಪ್ಪತ್ಮೂರು ಅಧ್ಯಾಯದ ಪಾಠದಿಂದ ಹೊರಟವು. ರಂಗನಾಟಕದ ಮೂರು ಮುದ್ರಣಗಳದ್ದೂ ಅದೇ ಬೇರು.

ಉಳಿದದ್ದು ಏಳು. ಒಂದು ರೇಡಿಯೋ ನಾಟಕದ ಹಸ್ತಪ್ರತಿ. ಅತ್ತೆ ಹೇಳಿದ ಮಾತು ಅದರ ಕೊನೆಯ ಹಾಳೆಯಲ್ಲಿ ಅಕ್ಷರಕ್ಕೆ ಅಕ್ಷರ ಇತ್ತು. ಆರು, ಮೂರು ಭಾಷೆಗಳ ಅನುವಾದಗಳು. ಎರಡು ಭಾಷೆಯವು ಇಪ್ಪತ್ಮೂರು ಅಧ್ಯಾಯಕ್ಕೆ ನಿಂತಿದ್ದವು. ಪಕ್ಕದ ಭಾಷೆಯ ಅನುವಾದವನ್ನು ಕಾರ್ಡಕ್ಕ ತೆರೆದರು. ಆ ಲಿಪಿ ಅವರಿಗೆ ಬಾರದು. ಅಧ್ಯಾಯಗಳ ಅಂಕಿಗಳನ್ನು ಮಾತ್ರ ಬೆರಳಿಟ್ಟು ಎಣಿಸುತ್ತ ಹೋದರು. ಇಪ್ಪತ್ಮೂರರ ಮೇಲೆ ಇನ್ನೂ ಒಂದು ಸಿಕ್ಕಿತು. ಮತ್ತೆ ಎಣಿಸಿದರು, ಆಮೇಲೆ ನನ್ನ ಕೈಯಲ್ಲೂ ಎಣಿಕೆ ಮಾಡಿಸಿದರು. ಇಪ್ಪತ್ನಾಲ್ಕೇ.

ಆ ಭಾಷೆ ಯಜಮಾನರಿಗೆ ಓದಲೂ ಬರುತ್ತಿತ್ತು, ಮೀಟರ್ ಓದಲು ಹೋದ ಮನೆಗಳ ಬಾಗಿಲಲ್ಲಿ ನಿಂತು, ನಾಮಫಲಕ ಓದಿ ಕಲಿತದ್ದು. ಅಂದು ಸಂಜೆ ಪುಸ್ತಕ ಅವರ ಮುಂದೆ ಹಿಡಿದರು. ಅವರು ಕನ್ನಡಕ ಒರೆಸಿಕೊಂಡು ಅನುವಾದಕರ ಮಾತನ್ನು ಓದಿ, 'ನಾನು ಅನುವಾದಕ್ಕೆ ಬಳಸಿದ್ದು ಮೂಲದ ಮೊದಲ ಮುದ್ರಣ' ಎಂದು ಅರ್ಥ ಹೇಳಿದರು. ಅಷ್ಟು ಹೇಳಿ ಸುಮ್ಮನಾಗದೆ, ಕೊನೆಯ ಅಧ್ಯಾಯವನ್ನೂ ತಾವಾಗಿಯೇ ಪೂರ್ತಿ ಓದಿ ಹೇಳಿದರು. ಮದುವೆಯಾದ ಮೇಲೆ ಅವರು ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ಅದೇ ಮೊದಲು ಎಂದು ಕಾರ್ಡಕ್ಕ ಹೇಳುತ್ತಿದ್ದರು.

ಮೊದಲ ಮುದ್ರಣ ನಮ್ಮಲ್ಲಿರಲಿಲ್ಲ. ವಿಚಾರಿಸಿದ ಇತರ ಗ್ರಂಥಾಲಯಗಳಲ್ಲೂ ಎರಡನೆಯದರಿಂದ ಮುಂದಕ್ಕೇ. ಲೇಖಕಿ ಮೊದಲ ಮುದ್ರಣ ಬಂದ ವರ್ಷವೇ ತೀರಿಕೊಂಡಿದ್ದರು, ಎರಡನೆಯದನ್ನು ತಂದವರು ಬೇರೆ ಪ್ರಕಾಶಕರು.

ಕಾರ್ಡಕ್ಕ ನರ್ಸ್ ಮನೆಗೆ ಫೋನ್ ಮಾಡಿದರು. ಅತ್ತೆ ಹೇಳಿದ್ದನ್ನಾಗಲಿ ಅನುವಾದವನ್ನಾಗಲಿ ಬಾಯಿ ಬಿಡದೆ, ಕೊನೆ ಹೇಗಿತ್ತು ಎಂದು ಇನ್ನೊಂದು ಸಲ ಹೇಳಿ ಸಿಸ್ಟರ್ ಎಂದಷ್ಟೇ ಕೇಳಿದರು. ನರ್ಸ್ ಬೇಸರದ ದನಿಯಲ್ಲೇ ಹೇಳಿದರು. ಕೆಮ್ಮು, ಕಟ್ಟಿಗೆಯವನು, 'ಸೇತುವೆ ಬಿತ್ತು, ದೋಣಿ ಯಾರ ಹತ್ರ ಇದೆ'. ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಲಿ ಎಂದು ಕಾರ್ಡಕ್ಕ ಫೋನನ್ನು ನನ್ನ ಕಿವಿಯತ್ತ ತಿರುಗಿಸಿದ್ದರು. ಆ ವಾರ್ಡಿನ ಪುಸ್ತಕಗಳು ಏನಾದವು ಎಂದು ಕೇಳಿದರು. ಕಟ್ಟಡ ಕೆಡವಿದಾಗ ಎಲ್ಲವನ್ನೂ ಗಾಡಿಗೆ ಹಾಕಿ ಎಲ್ಲಿಗೋ ಕಳಿಸಿದರು ಎಂದರು ನರ್ಸ್.

ಆ 'ಎಲ್ಲಿಗೋ' ಎಂಬುದಕ್ಕೆ ಉತ್ತರ ನಮ್ಮ ನೆಲಮಾಳಿಗೆಯಲ್ಲೇ ಕೂತಿತ್ತು. ಅಲ್ಲಿ ಪುಸ್ತಕ ಹೊಲಿಯುವ ಬೈಂಡರ್, ನಮ್ಮೆಲ್ಲರ ರಟ್ಟಣ್ಣ. ಕೈಬೆರಳುಗಳ ತುಂಬ ಒಣಗಿದ ಅಂಟು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಆಸ್ಪತ್ರೆಯ ಪುಸ್ತಕ ಎಂದ ಕೂಡಲೇ ತಲೆ ಅಲ್ಲಾಡಿಸಿದ.

"ಇಲ್ಲಿಗೇ ಬಂತಲ್ಲಕ್ಕಾ. ನಾನು ಸೇರಿದ ಹೊಸತು. ಬಹಳಷ್ಟಕ್ಕೆ ರಟ್ಟೇ ಇರ್ಲಿಲ್ಲ. ಆಗಿನ ಸಾಹೇಬ್ರು ರಟ್ಟಿಗೆ ಹಾಕೋ ಬಟ್ಟೆ ಉಳಿಸು ಅಂದ್ರು. ಅಳತೆ ಒಂದೇ ಇದ್ದವನ್ನ ಎರಡು ಮೂರು ಸೇರಿಸಿ ಒಂದೇ ರಟ್ಟಿನೊಳಗೆ ಹೊಲಿದುಬಿಟ್ಟೆ."

"ಬೆನ್ನಿನ ಮೇಲೆ ಹೆಸರು?"

"ಮೊದಲನೇದ್ದು ಹಾಕಿದೆ. ಎಲ್ಲ ಹಾಕೋಕೆ ಜಾಗ ಎಲ್ಲಿದೆ?"

ಕಾರ್ಡಕ್ಕ ಓಡಿದರು. ಐವತ್ತು ದಾಟಿದ ಹೆಂಗಸು ಎರಡು ಅಂತಸ್ತಿನ ಮೆಟ್ಟಿಲನ್ನು ಹಾಗೆ ಹತ್ತುವುದನ್ನು ನಾನು ಅದೇ ನೋಡಿದ್ದು. ಆ ವರ್ಷದ ಸೇರ್ಪಡೆ ರಿಜಿಸ್ಟರಿನಲ್ಲಿ 'ಆಸ್ಪತ್ರೆಯಿಂದ, ಅರವತ್ನಾಲ್ಕು ಪುಸ್ತಕ' ಎಂದಿತ್ತು. ಬೈಂಡಿಂಗ್ ಆದ ಮೇಲೆ ಕ್ಯಾಟಲಾಗಿಗೆ ಹೋದ ಸಂಪುಟಗಳು ನಲವತ್ತೊಂದು. ಅಂದರೆ ಇಪ್ಪತ್ಮೂರು ಪುಸ್ತಕಗಳು ನಮ್ಮ ರ್‍ಯಾಕುಗಳಲ್ಲೇ, ಬೇರೆಯವರ ಹೆಸರಿನ ರಟ್ಟಿನೊಳಗೆ, ಕ್ಯಾಟಲಾಗಿಗೆ ಗೊತ್ತೇ ಇಲ್ಲದೆ ಕೂತಿದ್ದವು. ಆ ನಲವತ್ತೊಂದು ಕಾರ್ಡುಗಳನ್ನು ಹೊಡೆದವರು ತಾವೇ ಎಂದು ಕಾರ್ಡಕ್ಕನಿಗೆ ಆಗ ಹೊಳೆಯಿತು. ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು. ಎತ್ತರ ಅಳೆದಿದ್ದರು, ಪುಟ ತಿರುಗಿಸಿರಲಿಲ್ಲ.

ಮರುದಿನ ಗುರುವಾರ, ವಾರದ ರಜೆ, ಓದುಗರಿಲ್ಲ. ನಾನು, ಕಾರ್ಡಕ್ಕ, ರಟ್ಟಣ್ಣ ಮೂವರೇ ಪಟ್ಟಿ ಹಿಡಿದು ರ್‍ಯಾಕುಗಳ ಮಧ್ಯೆ ಇಳಿದೆವು. ವ್ಯಾಕರಣದ ಪುಸ್ತಕದ ಹಿಂದೆ ಒಂದು ಪತ್ತೇದಾರಿ ಕಥೆ ಸಿಕ್ಕಿತು. ಗಣಿತದ ಹಿಂದೆ ಪ್ರವಾಸಕಥನ. ಹಲ್ಲಿನ ಆರೈಕೆಯ ಕೈಪಿಡಿಯ ಬೆನ್ನಿಗೆ ಪ್ರೇಮಪತ್ರಗಳ ಸಂಗ್ರಹ. ಒಂದೊಂದು ಸಿಕ್ಕಾಗಲೂ ರಟ್ಟಣ್ಣ ಇದು ನನ್ನ ಹೊಲಿಗೆಯೇ ಎಂದು ಹೆಮ್ಮೆಪಡುವುದು, ಕಾರ್ಡಕ್ಕ ಅವನನ್ನು ದುರುಗುಟ್ಟಿ ನೋಡುವುದು. ಮಧ್ಯಾಹ್ನದ ಹೊತ್ತಿಗೆ ಮೂವತ್ನಾಲ್ಕು ಸಂಪುಟ ಮುಗಿದವು. ಕಾವಲುಗಾರ್ತಿ ಇರಲಿಲ್ಲ. ಆರು ಸಂಪುಟಗಳನ್ನು ಹಿಂದೆಯೇ ಹುಳು ತಿಂದವೆಂದು ತೆಗೆದುಹಾಕಿದ್ದರು. ಉಳಿದದ್ದು ಒಂದೇ, 'ಜೇನು ಸಾಕಣೆ: ಒಂದು ಕೈಪಿಡಿ'. ರ್‍ಯಾಕಿನಲ್ಲಿದೆ ಎಂದಿತು ಕಂಪ್ಯೂಟರ್. ಹೋಗಿ ನೋಡಿದರೆ ಅದರ ಜಾಗ ಖಾಲಿ.

ನಾವು ನೆಲದ ಮೇಲೆ ಕೂತುಬಿಟ್ಟೆವು. ತೆಗೆದುಹಾಕಿದ ಆರರಲ್ಲೇ ಅದು ಹೋಗಿರಬೇಕು ಎಂದು ನನಗನ್ನಿಸಿತು. ಕಾರ್ಡಕ್ಕ ಜೇನು, ಜೇನು ಎಂದು ಗೊಣಗುತ್ತಿದ್ದರು. ರಟ್ಟಣ್ಣ ತಲೆ ಕೆರೆದುಕೊಂಡ. ಎದ್ದು ನೆಲಮಾಳಿಗೆಗೆ ಹೋದ. ಐದು ನಿಮಿಷಕ್ಕೆ ದಪ್ಪನೆಯ ಒಂದು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ಮೇಲಿನ ರಟ್ಟಿನ ಮೇಲೆ ಅಂಟಿನ ಡಬ್ಬಿಯ ದುಂಡನೆಯ ಗುರುತು.

"ಬೆನ್ನು ಹರಿದಿದೆ ಅಂತ ನಾಲ್ಕು ತಿಂಗಳ ಕೆಳಗೆ ರಿಪೇರಿಗೆ ಬಂದಿತ್ತು," ಎಂದ, ಕಣ್ಣು ತಪ್ಪಿಸಿ. "ಡಬ್ಬಿ ಇಡೋಕೆ ಎತ್ತರ ಸರಿಯಾಗಿತ್ತು."

ಒಟ್ಟು ನಾನೂರ ನಲವತ್ತು ಪುಟ. ಎಂಬತ್ತನೆಯ ಪುಟದ ಕೆಳಗೆ ಯಾವನೋ ಓದುಗ ಪೆನ್ಸಿಲಿನಲ್ಲಿ ಬರೆದಿದ್ದ: 'ಜೇನಿನ ವಿಷಯ ಇಲ್ಲಿಗೆ ಮುಗಿಯಿತು. ಮುಂದೆಲ್ಲ ಸೇತುವೆ. ಆದರೂ ಚೆನ್ನಾಗಿದೆ.' ಕಾರ್ಡಕ್ಕ ಅದನ್ನು ಗಟ್ಟಿಯಾಗಿ ಓದಿದರು. ನಮಗೆ ನಗು ತಡೆಯಲಾಗಲಿಲ್ಲ, ಅದರಲ್ಲೇ ಅವರ ಕಣ್ಣಲ್ಲಿ ನೀರೂ ಬಂತು. ಪುಟ ತಿರುಗಿಸಿದರು. ತಲೆಯ ಮೇಲೆ ಕಾದಂಬರಿಯ ಹೆಸರು, ಅಂಚಿನಲ್ಲಿ ಮೂಳೆ ವಾರ್ಡಿನ ಮೊಹರು. ಇಪ್ಪತ್ನಾಲ್ಕನೆಯ ಅಧ್ಯಾಯ ಇತ್ತು. ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಸಾಲು, 'ಮೊದಲ ಮುದ್ರಣ, ಒಂದು ಸಾವಿರ ಪ್ರತಿ'.

ಏನಾಗಿರಬಹುದೆಂದು ಹೇಳಿದವನು ರಟ್ಟಣ್ಣನೇ. ಅಚ್ಚಿನವರು ಹದಿನಾರು ಪುಟಕ್ಕೊಂದು ಫಾರಂ ಎನ್ನುತ್ತಾರೆ. ಇಪ್ಪತ್ಮೂರನೆಯ ಅಧ್ಯಾಯ ಮುಗಿಯುವುದು ಸರಿಯಾಗಿ ಮುನ್ನೂರ ಐವತ್ತೆರಡನೆಯ ಪುಟಕ್ಕೆ, ಅಲ್ಲಿಗೆ ಇಪ್ಪತ್ತೆರಡು ಫಾರಂ ಭರ್ತಿ. ಕೊನೆಯ ಅಧ್ಯಾಯದ ಎಂಟು ಪುಟ ಅರ್ಧ ಫಾರಂ, ಬೇರೆಯಾಗಿ ಹೊಲಿದದ್ದು. ಎರಡನೆಯ ಪ್ರಕಾಶಕರ ಕೈಗೆ ಆ ಅರ್ಧ ಫಾರಂ ಕಳಚಿದ ಪ್ರತಿ ಸಿಕ್ಕಿರಬೇಕು. 'ನೀರು ಮುಚ್ಚಿಕೊಂಡಿತು' ಎಂಬುದು ಕೊನೆಯ ಸಾಲಿನ ಹಾಗೇ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಒಂದು ಹೊಲಿಗೆ ಬಿಚ್ಚಿದ್ದಕ್ಕೆ ಎರಡು ತಲೆಮಾರು ಅತ್ತಿತು.

ಶನಿವಾರ ನರ್ಸ್ ಬಂದರು, ಜೊತೆಗೆ ಮಗ ಮತ್ತು ಮೊಮ್ಮಗಳು. ಕಾರ್ಡಕ್ಕ ಪುಸ್ತಕವನ್ನು ಅವರ ಮುಂದೆ ಇಟ್ಟರು. ಅವರು ಮುಟ್ಟಲಿಲ್ಲ, ಮೊಮ್ಮಗಳ ಕಡೆಗೆ ತಳ್ಳಿದರು. "ನಾನು ಹೇಳ್ತೀನಿ. ನೀನು ಬೆರಳಿಟ್ಟು ನೋಡ್ತಾ ಹೋಗು."

ಕಣ್ಣು ಮುಚ್ಚಿಕೊಂಡು ಶುರುಮಾಡಿದರು. ನೀರಿನ ಕೆಳಗೆ ಕಾವಲುಗಾರ್ತಿಗೆ ಕೇಳುವ ಸದ್ದು, ಕೈಗೆ ಸಿಗುವ ಹಗ್ಗದ ತುಂಡು, ಅದರ ಇನ್ನೊಂದು ತುದಿ ಇನ್ನೂ ಆಚೆ ದಡದ ಮರಕ್ಕೆ ಕಟ್ಟಿಕೊಂಡೇ ಇರುವುದು. ಓದಿ ಹೇಳಿದವರ ಬಾಯಿ, ಎಷ್ಟೋ ಮಧ್ಯಾಹ್ನ ಎಷ್ಟೋ ಹಾಸಿಗೆಗಳ ನಡುವೆ ಹೇಳಿದ ಮಾತು. ಹುಡುಗಿಯ ಬೆರಳು ಸಾಲಿನಿಂದ ಸಾಲಿಗೆ ಜಾರುತ್ತಿತ್ತು. ಒಂದೆರಡು ಕಡೆ ಪದ ಹಿಂದುಮುಂದಾಯಿತು, ಅಷ್ಟೇ. ಕಟ್ಟಿಗೆಯವನು ಬಂದ. "ಸೇತುವೆ ಬಿತ್ತು," ಎಂದರು ನರ್ಸ್. ಹುಡುಗಿ ತಲೆಯೆತ್ತದೆ, "ದೋಣಿ ಯಾರ ಹತ್ರ ಇದೆ," ಎಂದು ಪುಸ್ತಕದಿಂದ ಓದಿ ಮುಗಿಸಿದಳು.

ಮಗ ಕಿಟಕಿಯ ಕಡೆ ತಿರುಗಿಕೊಂಡಿದ್ದ. ಬಂದು ಅಮ್ಮನ ಕುರ್ಚಿಯ ಹಿಂದೆ ನಿಂತು, "ತಪ್ಪಾಯ್ತಮ್ಮ," ಎಂದ. ನರ್ಸ್ ಗಡಿಯಾರ ನೋಡಿಕೊಂಡು, ಸರಿ, ಹೋಗ್ತಾ ಹಾಲು ತಗೊಂಡು ಹೋಗೋಣ, ಕಾಯಿಸೋದು ನಾನೇ ಎಂದರು.

ಸೋಮವಾರ ಕಾರ್ಡಕ್ಕ ಸಾಹೇಬರ ಕೋಣೆಗೆ ಹೋದರು. ಕರೆಯದೆ ಆ ಬಾಗಿಲು ತಟ್ಟಿದ್ದು ಮೂವತ್ತು ವರ್ಷದಲ್ಲಿ ಮೊದಲ ಸಲ. ಸಾಹೇಬರು ಕಾಲೇಜಿನಲ್ಲಿದ್ದಾಗ ಆ ಕಾದಂಬರಿಯ ದುರಂತ ಅಂತ್ಯದ ಅನಿವಾರ್ಯತೆ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದವರು; ಸನ್ಮಾನದ ಫೋಟೋ ಅದೇ ಗೋಡೆಯ ಮೇಲಿತ್ತು. ಎಂಟು ಪುಟವನ್ನೂ ನಿಂತುಕೊಂಡೇ ಓದಿದರು. ಗೋಡೆಯ ಮೇಲಿನ ಫೋಟೋದ ಕಡೆ ನೋಡಿ, "ಹಾಗಾದ್ರೆ ನನ್ನ ಬಹುಮಾನ?" ಎಂದರು.

"ಅದು ಎರಡನೇ ಪಾಠಕ್ಕೆ ಸಿಕ್ಕಿದ್ದು ಸರ್. ಅದರ ದಾಖಲೆಗೆ ಜೋಡಿಸ್ತೀನಿ," ಎಂದರು ಕಾರ್ಡಕ್ಕ, ಗಂಭೀರವಾಗಿ.

ಅವರು ಹೋಗಿದ್ದದ್ದು ಒಂದು ಪುಸ್ತಕದ ಸಲುವಾಗಿ ಅಲ್ಲ. ನೆಲದ ಮೇಲಿನ ಚೀಟಿಗಳನ್ನೆಲ್ಲ ದೊಡ್ಡ ಹಾಳೆಯೊಂದಕ್ಕೆ ಅಂಟಿಸಿ ತಂದಿದ್ದರು. ಮೇಲೆ ಒಂದೇ ಕೃತಿ. ಅದರ ಕೆಳಗೆ ಇಪ್ಪತ್ನಾಲ್ಕರ ಪಾಠ, ಇಪ್ಪತ್ಮೂರರ ಪಾಠ, ಒಂದೊಂದರಿಂದ ಇಳಿದ ಅನುವಾದಗಳು, ಅವುಗಳ ಪ್ರಕಟಣೆಗಳು, ಅಡಿಯಲ್ಲಿ ಪ್ರತಿಗಳು. ಒಂದು ಗೆರೆ ಮಾತ್ರ ಓರೆಯಾಗಿ ಹೋಗಿ ಜೇನು ಸಾಕಣೆಯನ್ನು ಮುಟ್ಟುತ್ತಿತ್ತು. ಇಡೀ ಕ್ಯಾಟಲಾಗನ್ನು ಹೀಗೆ ಮಾಡಬೇಕು ಎಂದರು. ಒಂದು ಲಕ್ಷದ ಎಂಬತ್ತು ಸಾವಿರ ದಾಖಲೆಗಳಿವೆ ಎಂದು ಸಾಹೇಬರು ನೆನಪಿಸಿದರು. ಹತ್ತಕ್ಕಿಂತ ಹೆಚ್ಚು ಸಲ ಬಂದಿರುವ ಕೃತಿಗಳಿಂದ ಶುರುಮಾಡುತ್ತೇನೆ, ಅವು ಆರುನೂರ ಹನ್ನೆರಡು, ಎಣಿಸಿದ್ದೇನೆ ಎಂದರು ಇವರು. ಸಾಹೇಬರಿಗೆ ಬೇರೆ ದಾರಿ ಉಳಿಯಲಿಲ್ಲ.

ಆರು ವರ್ಷ ಹಿಡಿಯಿತು. ನನ್ನನ್ನು ಕೌಂಟರಿನಿಂದ ಎತ್ತಿ ನಕ್ಷೆಗಳ ಕೋಣೆಗೆ ಹಾಕಿಸಿಕೊಂಡರು, ಮುಂದೆ ಇಬ್ಬರು ಹೆಣ್ಣುಮಕ್ಕಳು ಸೇರಿಕೊಂಡರು. ಈಗ ನಮ್ಮಲ್ಲಿ ಒಂದು ಹೆಸರು ಹೊಡೆದರೆ ಮೂವತ್ತೇಳು ಸಾಲು ಬರುವುದಿಲ್ಲ. ಒಂದು ಕೃತಿ ಬರುತ್ತದೆ, ಅದನ್ನು ಒತ್ತಿದರೆ ಅದರ ಸಂಸಾರವೆಲ್ಲ ಬಿಚ್ಚಿಕೊಳ್ಳುತ್ತದೆ. ಹೊಸ ಮುದ್ರಣದಲ್ಲಿ ಇಪ್ಪತ್ನಾಲ್ಕನೆಯ ಅಧ್ಯಾಯ ಸೇರಿತು. ಮೊಮ್ಮಗಳ ಸೊನ್ನೆಯನ್ನು ಶಾಲೆಯವರು ತಿದ್ದಲಿಲ್ಲ, ಆದರೆ ಮುಂದಿನ ವರ್ಷದಿಂದ ಆ ಪ್ರಶ್ನೆಯನ್ನೇ ಕೈಬಿಟ್ಟರು.

ಕಾರ್ಡಕ್ಕ ನಿವೃತ್ತರಾಗಿ ಎರಡು ವರ್ಷವಾಯಿತು. ಸುಮ್ಮನೆ ಕೂರುವ ಜಾತಿಯಲ್ಲ. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಟ್ಟ ಒಂದು ಸಂಗ್ರಹಾಲಯದವರು ಕರೆದರೆಂದು ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಹೋಗುತ್ತಾರೆ. ಅಲ್ಲಿ ಒಂದೇ ಜೋಗುಳಕ್ಕೆ ನೂರ ಹನ್ನೆರಡು ಧ್ವನಿಮುದ್ರಣಗಳಿವೆಯಂತೆ, ಯಾರು ಯಾರಿಂದ ಕಲಿತು ಹಾಡಿದರೋ ಯಾರಿಗೂ ಗೊತ್ತಿಲ್ಲ. ಮೊನ್ನೆ ಬೆಳಿಗ್ಗೆ ಆರು ಗಂಟೆಗೆ ಫೋನ್ ಮಾಡಿದರು. ನಾನು ಇನ್ನೂ ಹಲ್ಲುಜ್ಜಿರಲಿಲ್ಲ.

"ನಲವತ್ತಾರನೇ ತಟ್ಟೆಯಲ್ಲಿ ಬೇರೆ ಯಾರೂ ಹಾಡದ ಒಂದು ಸಾಲಿದೆ ಕಣೋ," ಎಂದರು. "ಅದು ಎಲ್ಲಿಂದ ಬಂತು ಗೊತ್ತಾ?"

ಗೊತ್ತಿಲ್ಲ ಅಕ್ಕ ಎಂದೆ.

"ನನಗೂ ಗೊತ್ತಿಲ್ಲ," ಎಂದರು. ಅದನ್ನು ಹೇಳುವಾಗಿನ ಅವರ ಸಂತೋಷ ಫೋನಿನಲ್ಲೂ ಕೇಳುತ್ತಿತ್ತು.